ಕಕ್ಕೆ ಲ ಒತ್ತು

ಒದ್ದೆ ಗ್ಲಾಸಿಗೆ ಕಿವಿಯಿದೆ, ನೀವು ನಂಬಬೇಕು.
ಧೋಬಿ ತಲಾವಿನ ಆ ಹೋಟೆಲಿನ ಹಿಂಬಾಗಿಲಲ್ಲಿ
ನಾನು ತೊಳೆದು ಬೋರಲು ಹಾಕಿದ ಗ್ಲಾಸುಗಳು
ತಿಯೊತೊನ್ ಮೇಲೇರಿದಾಗಲೆಲ್ಲ
ಟ್ರೇಯ ಬಲಸಾಲಿನಲ್ಲಿ ಸಣ್ಣಗೆ ನಡುಗುತ್ತಿದ್ದವು.
ಇನಾಸ್ ಊದಿದರೆ ಏನೂ ಇಲ್ಲ.
ಅವನದು ಕೆಳಗಿನ ದಾರಿ,
ತಂಪು ನೆಲದ ಮೇಲೆ ಬರಿಗಾಲು.

ಇಬ್ಬರೂ ಕುಡ್ತರಿಯವರು. ಒಂದೇ ಇಗರ್ಜಿಯ
ಒಂದೇ ಮೇಸ್ತ್ರಿಯ ಬೆತ್ತ ತಿಂದು
ಹನ್ನೊಂದು ವರ್ಷ ಹಿಂದುಮುಂದಾಗಿ ಸ್ವರ ಕಲಿತವರು.
ಬೊಂಬಾಯಿಗೆ ಬಂದ ಮೇಲೆ ಊರವರ ಕೂಡಿನಲ್ಲಿ
ಅಕ್ಕಪಕ್ಕ ಟ್ರಂಕು,
ಒಂದೇ ಮೊಳೆಗೆ ಎರಡು ಕೋಟು.
ಹಡಗಿನ ಬಟ್ಲರನೊಬ್ಬ ಒಂದು ಹಾಡಿನ ತಟ್ಟೆ ತಂದ,
ಅಮೆರಿಕದ ಯಾವುದೋ ಅಳಿವೆಯೂರಿನ ಬ್ಯಾಂಡು.
ದಾರಿಯಲ್ಲೇ ಬಿರುಕು ಬಿಟ್ಟಿತ್ತು.
ಸೂಜಿ ಅಲ್ಲಿಗೆ ಬಂದು ಎಡವಿ
ಒಂದು ಗುಟುಕು ನುಂಗಿ ಮುಂದೆ ಹೋಗುತ್ತಿತ್ತು.
ಇವರು ಪದ ಕಲಿತರು, ಬಿರುಕನ್ನೂ ಕಲಿತರು.

ಕುಣಿವ ಸಾಹೇಬರು, ಪಾರ್ಸಿ ಹುಡುಗಿಯರು
ಆ ಜಾಗದಲ್ಲಿ ಕಾಲೆತ್ತಿ ನಿಂತುಬಿಡುವರು,
ಎರಡು ಕಾರ್ನೆಟ್ಟೂ ಒಟ್ಟಿಗೆ ಸತ್ತು
ಒಟ್ಟಿಗೆ ಹುಟ್ಟುವಷ್ಟು ಹೊತ್ತು.
ಸನ್ನೆಯಿಲ್ಲ, ಎಣಿಕೆಯಿಲ್ಲ.
ಬಾಗಿಲ ಸಂದಿಯಿಂದ ತಿಂಗಳುಗಟ್ಟಲೆ ನೋಡಿ
ನಾನು ಕಂಡುಹಿಡಿದೆ: ತಿಯೊತೊನನ ಎಡಗಿವಿ
ಕೂದಲೆಳೆಯಷ್ಟು ಹಿಂದೆ ಸರಿಯುತ್ತಿತ್ತು.
ಇನಾಸ್ ಕಾಗದ ನೋಡುವವನಲ್ಲ,
ಆ ಕಿವಿಯನ್ನೇ ಓದುತ್ತಿದ್ದ.

ನನ್ನ ಓದೂ ಆಗಲೇ ಶುರು.
ಕೋಟೆಯ ಕನ್ನಡ ರಾತ್ರಿಶಾಲೆ, ಏಳರಿಂದ ಎಂಟೂವರೆ,
ಆಮೇಲೆ ಓಡಿ ಬಂದು ಗ್ಲಾಸು.
ಏನು ಕೆಲಸವೋ, ಮಾಸ್ತರರು ಕೇಳಿದರು.
ಕ್ಲೀನರ್ ಅಂದೆ.
ಹಾಗಾದರೆ ಅದನ್ನೇ ಬರಿ.
ಕ ಬರಿ. ಗುಡಿಸು ಕೊಡು. ದೀರ್ಘ ಎಳಿ.
ಈಗ ಕೆಳಗೆ ಲ ಒತ್ತು.
ದೀರ್ಘ ಕದ ತಲೆಗಲ್ಲವೇ ಸಾರ್ ಹಾಕಿದ್ದು,
ಎಳೆಯುವಾಗ ಲ ಎಳೆಯುತ್ತದಲ್ಲ?
ಅವರು ಕೈಯ ಸುಣ್ಣ ಧೋತರಕ್ಕೆ ಒರೆಸಿಕೊಂಡರು.
ಹೌದು ಮಾರಾಯ. ಕ ಸುಮ್ಮನೆ ನಿಂತಿರುತ್ತದೆ.

ಆ ಮಳೆಗಾಲ ತಿಯೊತೊನನ ಮುಂದಿನ ಹಲ್ಲೆರಡು ಹೋದವು.
ಹಿತ್ತಾಳೆಗೆ ಹಲ್ಲಿಲ್ಲದ ತುಟಿ ಆಗದು.
ಆದರೂ ಶನಿವಾರ ಅದೇ ಬಿಳಿ ಕೋಟು,
ದೀಪದ ಕೆಳಗೆ ಕಾರ್ನೆಟ್ ಎತ್ತಿದ,
ಮೇಲಿನ ಸ್ವರ ಬಂತು, ಎಂದಿನಂತೆ, ಚಪ್ಪಾಳೆ.
ನನ್ನ ಗ್ಲಾಸುಗಳು ನಡುಗಿದವು.
ಎಡಸಾಲಿನವು. ಇನಾಸನ ಕಡೆಯವು.

ಕೊನೆಯ ವಾಲ್ಟ್ಸ್ ಮುಗಿಸಿ ಅಡುಗೆಮನೆಗೆ ಬಂದ,
ತುಟಿಗೆ ಮಂಜುಗಡ್ಡೆ ಒತ್ತಿಕೊಂಡು.
‘ಖರೆಂ ಸಾಂಗ್, ಪೊರಾ.’
ಗಂಗೊಳ್ಳಿಯ ಹುಡುಗ ನಾನು,
ಮೀನುಪೇಟೆಯ ಕೊಂಕಣಿ ಚೆನ್ನಾಗಿ ಬರುತ್ತಿತ್ತು.
ಬಾರದವನಂತೆ ಒರೆಸಿದ ಗ್ಲಾಸನ್ನೇ ಒರೆಸಿದೆ.
ಹೊರಗೆ ಮೆಟ್ಟಿಲ ಮೇಲೆ ಇನಾಸ್
ಇಬ್ಬರ ಗುಂಡಿಗಳಿಗೂ ಎಣ್ಣೆ ಬಿಡುತ್ತಿದ್ದ.

ಏಳು ವರ್ಷ. ಒಬ್ಬ ಕೆನ್ನೆಯುಬ್ಬಿಸಿ ಒತ್ತುವುದು,
ಉಸಿರು ಇನ್ನೊಬ್ಬನದು.
ಸಂಬಳದ ಪುಸ್ತಕದಲ್ಲಿ ಮೊದಲನೆಯವನಿಗೆ ನೂರಿಪ್ಪತ್ತು,
ಎರಡನೆಯವನಿಗೆ ತೊಂಬತ್ತು.
ಆ ಮೂವತ್ತರ ಮಾತು ನಾನು ಕೇಳಿಲ್ಲ.
ಒಂದೇ ಒಂದು ರಾತ್ರಿ, ಯಾಕೋ,
ಕಿವಿ ಸರಿಯಿತು, ಇನಾಸ್ ನಿಲ್ಲಲಿಲ್ಲ.
ಬಿರುಕಿನ ಮೇಲೆ ಹಾದು ಹೋಗಿಯೇಬಿಟ್ಟ.
ಕುಣಿಯುವವರು ಮುಗ್ಗರಿಸಿದರು.
ಮರುದಿನ ನಿಂತ.

ಶಿವಡಿಯ ಸ್ಮಶಾನಕ್ಕೆ ನಾನೂ ಹೋಗಿದ್ದೆ,
ಆ ಹೊತ್ತಿಗೆ ಹೋಟೆಲು ಹೋಗಿ ಬ್ಯಾಂಕು ಬಂದಿತ್ತು.
ಇನಾಸ್ ಒಬ್ಬನೇ ಊದಿದ, ಅದೇ ಪದ,
ಎಷ್ಟೋ ಕಾಲದ ಮೇಲೆ ಕೆಳಗಿನ ದಾರಿ.
ಮೇಲಿನದನ್ನು ಮುಟ್ಟಲಿಲ್ಲ.
ಹಾಡೆಲ್ಲಿದೆ ಇದರಲ್ಲಿ, ಬರೀ ತಳ,
ನನ್ನ ಹಿಂದೆ ಯಾರೋ ಗೊಣಗಿದರು.
ಬಿರುಕಿನ ಜಾಗ ಬಂತು. ನಿಂತ.
ರೇವಿನ ಕಡೆ ಗೂಡ್ಸ್ ಗಾಡಿಯೊಂದು ಪೂರ್ತಿ ದಾಟಿ ಹೋಯಿತು.
ಮತ್ತೆ ಶುರು ಮಾಡಲಿಲ್ಲ.
ಕಾರ್ನೆಟ್ಟಿನ ಕೆಳಗಿನ ಬಿರಡೆ ಒತ್ತಿ
ಒಳಗೆ ತಂಗಿದ್ದ ಉಸಿರಿನ ನೀರನ್ನು
ಹಸಿ ಮಣ್ಣಿನ ಮೇಲೆ ಬಸಿದ,
ಕೊನೆಯ ಹನಿ ಬೀಳುವವರೆಗೆ ಹಿಡಿದುಕೊಂಡು.